ಸಹಾಯ ಬೇಕು: ಓದಿನ ಟಿಪ್ಪಣಿಗೆ ಎಂಸಿಪಿ ಸರ್ವರ್, ಮುಕ್ಕಾಲು ಆಗಿ ನಿಂತಿದೆ

ಎಲ್ರಿಗೂ ನಮಸ್ಕಾರ. ಕಿಂಡಲ್‌ನಲ್ಲಿ ಗೆರೆ ಹಾಕಿದ್ದು, ನೋಟ್ಸ್ ಬರ್ದಿದ್ದು ಎಲ್ಲಾನೂ ಎಐ ಅಸಿಸ್ಟೆಂಟ್ ಕೈಗೆ ಸಿಗ್ಲಿ ಅಂತ ಪೈಥಾನ್‌ನಲ್ಲಿ ಒಂದು ಎಂಸಿಪಿ ಸರ್ವರ್ ಬರೀತಿದೀನಿ (ಎಂಸಿಪಿ ಅಂದ್ರೆ ಎಐಗೆ ಹೊರಗಿನ ಡೇಟಾ, ಟೂಲ್ ಜೋಡಿಸೋ ಪ್ರೋಟೋಕಾಲ್). ಕಿಂಡಲ್ ಇದನ್ನೆಲ್ಲಾ ಕೂಡಿಡೋ ಮೈ ಕ್ಲಿಪಿಂಗ್ಸ್ ಫೈಲ್ ಒಡೆಯೋದು ಸುಲಭ ಆಯ್ತು, ಒಂದೊಂದು ನೋಟ್ ಆದ್ಮೇಲೂ ಸಮ ಚಿಹ್ನೆಗಳ ಗೆರೆ ಇರತ್ತಲ್ಲ, ಅಲ್ಲಿ ಕತ್ತರಿಸಿ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹಾಕ್ದೆ. ಮಧ್ಯೆ ಡೀಬಗ್‌ಗೆ ಅಂತ ಹಾಕಿದ್ದ ಒಂದು ಪ್ರಿಂಟ್ ಸ್ಟೇಟ್‌ಮೆಂಟ್ ಎರಡು ದಿನ ತಿಂತು, ಪ್ರಿಂಟ್ ಹೋಗೋ ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಪ್ರೋಟೋಕಾಲ್ ಮೆಸೇಜ್ ಬಿಟ್ಟು ಬೇರೇನೂ ಹೋಗ್ಬಾರ್ದಂತೆ, ನನ್ ಕರ್ಮ.

ಈಗಿನ ತಲೆನೋವು ಕನ್ನಡ ಸರ್ಚು. ಎಸ್‌ಕ್ಯೂಲೈಟ್‌ನ ಸರ್ಚ್ ಎಂಜಿನ್ ಆದ ಎಫ್‌ಟಿಎಸ್5 ಡೀಫಾಲ್ಟ್ ಟೋಕನೈಜರ್ (ಪಠ್ಯನ ಪದಗಳಾಗಿ ಒಡೆಯೋದು) ನಮ್ಮ ಗುಣಿತದ ಚಿಹ್ನೆನ ಅಕ್ಷರ ಅಂತಾನೇ ಲೆಕ್ಕಕ್ಕೆ ತಗೊಳಲ್ಲ, 'ಮನೆ' ಅಂತ ಹುಡುಕಿದ್ರೆ 'ಮನ' ಮಾತ್ರ ಉಳ್ಕೊಂಡು ಮನು, ಮನೋಹರ ಎಲ್ರೂ ಬಂದು ಕೂರ್ತಾರೆ! ಕೆಟಗರೀಸ್ ಆಪ್ಷನ್‌ಗೆ ಎಂಎನ್, ಎಂಸಿ (ಈ ಚಿಹ್ನೆಗಳ ಯೂನಿಕೋಡ್ ಗುಂಪುಗಳು) ಸೇರಿಸಿದ್ರೆ ಇದು ಸರಿಹೋಗತ್ತೆ, ಆದ್ರೆ 'ಮನೆಯಲ್ಲಿ', 'ಮನೆಗೆ' ಸಿಗಲ್ಲ. ಪದದ ಮೊದಲ ಭಾಗ ಹೊಂದಿದ್ರೆ ಹಿಡಿಯೋ ಪ್ರಿಫಿಕ್ಸ್ ಸರ್ಚ್ ಸಾಕಾ, ಮೂರ್ಮೂರು ಕ್ಯಾರೆಕ್ಟರ್ ತುಂಡು ಮಾಡಿ ಹುಡುಕೋ ಟ್ರೈಗ್ರಾಮ್‌ಗೆ ಹೋಗ್ಲಾ, ಇಲ್ಲಾ ಅರ್ಥನ ಸಂಖ್ಯೆಗಳಾಗಿಸಿ ಹುಡುಕೋ ಎಂಬೆಡಿಂಗೇ ಮಾಡ್ಬೇಕಾ?

ಇನ್ನೊಂದು, ಉಳಿದಿರೋದು ಫೋನಿಂದ ಬಳಸೋಕೆ ಎಚ್‌ಟಿಟಿಪಿ, ಲಾಗಿನ್, ಟೆಸ್ಟು. ಸರ್ಚ್ ಮೊದ್ಲು ಮುಗಿಸಿ ಲೋಕಲ್ಲಾಗೇ ಬಿಡುಗಡೆ ಮಾಡಣ ಅನ್ಸತ್ತೆ ನಂಗೆ. ಇಂಥದ್ದು ಮಾಡಿರೋರು ಯಾರಾದ್ರೂ ಇದ್ರೆ ಯಾವ ಕ್ರಮದಲ್ಲಿ ಹೋಗ್ಲಿ ಹೇಳ್ರಪ್ಪಾ, ಸಿಗೋದು ಭಾನುವಾರ ಮಾತ್ರ.