ಸಹಾಯ ಬೇಕು: ಸೇನೆಯಲ್ಲಿದ್ದುಕೊಂಡೇ ಕೌನ್ಸೆಲಿಂಗ್‌ಗೆ ಹೋದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸೇನೆಗೆ ಸೇರಿ 11 ವರ್ಷವಾಯಿತು. ಗಡಿ ಕಾವಲು ಮುಗಿಸಿ ಬಂದು ನಾಲ್ಕು ತಿಂಗಳು. ಮೈ ವಾಪಸ್ ಬಂದಿದೆ, ಮನಸ್ಸು ಇನ್ನೂ ಪಹರೆಯಲ್ಲೇ ಇದೆ. ರಾತ್ರಿ 2 ಗಂಟೆಗೆ ತಾನಾಗಿ ಎಚ್ಚರವಾಗುತ್ತದೆ, ಅದು ನನ್ನ ಹಳೆಯ ಪಾಳಿಯ ಹೊತ್ತು. ಎಲ್ಲಿ ಕೂತರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆಯೇ ಕೂರುತ್ತೇನೆ (ಮಗಳು ಇದನ್ನೊಂದು ಆಟ ಮಾಡಿಕೊಂಡಿದ್ದಾಳೆ). ಮೊನ್ನೆ ಅವಳ ಬಲೂನು ಒಡೆದಾಗ ನಾನು ಕಿರುಚಿದ್ದು ಕೇಳಿ ಅತ್ತೇಬಿಟ್ಟಳು. ಅದಾದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಪಿಟಿಎಸ್‌ಡಿ (ಭೀಕರ ಅನುಭವದ ನಂತರ ಮನಸ್ಸಿನಲ್ಲಿ ಉಳಿಯುವ ಆಘಾತದ ಒತ್ತಡ) 1980ರಲ್ಲೇ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ ಕಾಯಿಲೆ. ನನಗಿರುವುದು ಅದೇನಾ, ಬರೀ ದಣಿವಾ ಅನ್ನುವುದನ್ನು ವೈದ್ಯರೇ ಹೇಳಲಿ. ಕುಡಿದರೆ ಬೇಗ ನಿದ್ದೆ ಹತ್ತುತ್ತಿತ್ತು, ಆದರೆ ನಡುರಾತ್ರಿಯ ಎಚ್ಚರ ಇನ್ನೂ ಹೆಚ್ಚಾಯಿತು. ಬಿಟ್ಟೆ.

ಸೇವೆಯಲ್ಲಿದ್ದಾಗಲೇ ಕೌನ್ಸೆಲಿಂಗ್ ತೆಗೆದುಕೊಂಡವರು ದಯವಿಟ್ಟು ಹೇಳಿ: ಮೇಲಧಿಕಾರಿಗೆ ಮಾತು ಹೇಗೆ ತೆಗೆದಿರಿ? ಬಡ್ತಿಗೆ ತೊಂದರೆ ಆಯಿತಾ? ಆಯುಧ ಕೈಯಿಂದ ತೆಗೆದುಕೊಂಡರಾ? ನಿಜ ಹೇಳಬೇಕೆಂದರೆ ಕಾಯಿಲೆಗಿಂತ ಇದರ ಹೆದರಿಕೆಯೇ ಹೆಚ್ಚು. "ಗಟ್ಟಿಯಾಗು" ಎಂಬ ಉಪದೇಶ ಮಾತ್ರ ಬೇಡ, 11 ವರ್ಷ ಕೇಳಿದ್ದೇನೆ. ಮುಂದಿನ ವಾರ ವೈದ್ಯರನ್ನು ನೋಡಬೇಕು, ಅಷ್ಟರೊಳಗೆ ಬರೆದರೆ ಉಪಕಾರ.