ಹವಾಯಿಯ ‘ಮೊಹೊ’ ಕುಲ: ಕುಟುಂಬದ ಹೆಸರು ತಾಳೆಯಾಗುತ್ತಿಲ್ಲ

ಪ್ರಶ್ನೆ:
ಹಳೆಯ ಪಕ್ಷಿ ಕೈಪಿಡಿಯೊಂದರ ಹೆಸರುಗಳನ್ನು ಎಕ್ಸೆಲ್ ಹಾಳೆಗೆ ಏರಿಸಿ, ಕುಟುಂಬ ಮತ್ತು ಪ್ರಭೇದ ಎರಡನ್ನೂ ಜೋಡಿಸಿ ಈಗಿನ ಪಟ್ಟಿಯೊಡನೆ ತಾಳೆ ನೋಡುತ್ತಿದ್ದೇನೆ. ಮೊಹೊ ಕುಲದ ನಾಲ್ಕು ಸಾಲುಗಳಲ್ಲಿ ಮಾತ್ರ ದೋಷ ತೋರಿಸುತ್ತಿದೆ. ಕೈಪಿಡಿಯಲ್ಲಿ ಇವು ಆಸ್ಟ್ರೇಲಿಯಾದ ಹನಿಈಟರ್‌ಗಳ ಕುಟುಂಬವಾದ ಮೆಲಿಫ್ಯಾಜಿಡೆಯಲ್ಲಿವೆ. ಹೊಸ ಪಟ್ಟಿಯಲ್ಲಿ ಮೊಹೊಯಿಡೆ ಎಂದಿದೆ. ಬಾಗಿದ ಕೊಕ್ಕು, ಕುಂಚದಂಥ ನಾಲಗೆ, ಮಕರಂದದ ಆಹಾರ ಎಲ್ಲವೂ ಹನಿಈಟರ್‌ನವೇ ಆಗಿರುವಾಗ ಹೊಸ ಪಟ್ಟಿಯೇ ತಪ್ಪಿರಬಹುದೇ?

ಉತ್ತರ:
ಪಟ್ಟಿ ಸರಿಯಾಗಿದೆ. ಸಂಗ್ರಹಾಲಯಗಳಲ್ಲಿದ್ದ ಹಳೆಯ ಚರ್ಮದ ಮಾದರಿಗಳಿಂದ ಡಿಎನ್ಎ ತೆಗೆದು ಫ್ಲೈಷರ್, ಹೆಲೆನ್ ಜೇಮ್ಸ್ ಮತ್ತು ಓಲ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಹೊ ಮತ್ತು ಅದರ ಜೊತೆಗಾರ ಕುಲ ಕೀಟಾಪ್ಟಿಲಾ ಎರಡೂ ಹನಿಈಟರ್‌ಗಳಿಂದ ಬಹುದೂರದವು, ವ್ಯಾಕ್ಸ್‌ವಿಂಗ್ ಹಾಗೂ ಅಮೆರಿಕದ ಸಿಲ್ಕಿ ಫ್ಲೈಕ್ಯಾಚರ್‌ಗಳಿಗೆ ಹತ್ತಿರದವು ಎಂದು ತಿಳಿದುಬಂದಿತು. ಆದ್ದರಿಂದಲೇ ಹೊಸ ಕುಟುಂಬ. ಹೂವಿನ ರಸ ಹೀರಿ ಬದುಕುವ ಹಕ್ಕಿಗಳ ಕೊಕ್ಕು, ನಾಲಗೆಗಳು ಬೇರೆ ಬೇರೆ ವಂಶಗಳಲ್ಲಿ ಒಂದೇ ರೂಪಕ್ಕೆ ಬರುವುದುಂಟು. ನಮ್ಮ ಸೂರಕ್ಕಿಯನ್ನು ಹಮ್ಮಿಂಗ್‌ಬರ್ಡ್ ಎಂದು ಕರೆಯುವವರು ಇಂದಿಗೂ ಇದ್ದಾರಲ್ಲ, ಕೈಪಿಡಿಯವರದೂ ಅಂಥದ್ದೇ ತಪ್ಪು, ಸ್ವಲ್ಪ ಹೆಚ್ಚು ಕ್ಷಮಾರ್ಹ. ಕುಟುಂಬ ಬದಲಾಗುತ್ತಲೇ ಇರುವ ಅಭಿಪ್ರಾಯ. ಅದನ್ನು ತಾಳೆ ನೋಡುವ ಕೀಲಿಯಲ್ಲಿ ಸೇರಿಸಬೇಡಿ, ಬೇರೆ ಕಂಬಸಾಲಿನಲ್ಲಿಡಿ.

ಪ್ರಶ್ನೆ:
ಕುಟುಂಬವನ್ನು ತೆಗೆದು, ಅದರ ಬದಲು ಹೆಸರಿಟ್ಟವರನ್ನೂ ವರ್ಷವನ್ನೂ ಸೇರಿಸಿದೆ. ಈಗ ಓಆಹು ದ್ವೀಪದ ಮೊಹೊ ಏಪಿಕಾಲಿಸ್ ಒಂದೇ ಹೊಂದಿಕೊಂಡಿತು. ಉಳಿದ ಮೂರು ಏಕೆ ಹೊಂದುತ್ತಿಲ್ಲ?

ಉತ್ತರ:
ಆವರಣ ಚಿಹ್ನೆಗಳನ್ನು ನೋಡಿ. ಪ್ರಭೇದವನ್ನು ಮೊದಲು ಬೇರೆ ಕುಲದ ಹೆಸರಿನಲ್ಲಿ ವರ್ಣಿಸಿದ್ದರೆ, ಹೆಸರಿಟ್ಟವರನ್ನು ಆವರಣದೊಳಗೆ ಬರೆಯುವುದು ನಿಯಮ. ಗೂಲ್ಡ್ 1860ರಲ್ಲಿ ಏಪಿಕಾಲಿಸ್ ಅನ್ನು ಮೊಹೊ ಎಂದೇ ಹೆಸರಿಸಿದ್ದರಿಂದ ಆವರಣವಿಲ್ಲ. ಹವಾಯಿ ದ್ವೀಪದ ನೊಬಿಲಿಸ್ ಅನ್ನು ಮೆರೆಮ್ 1786ರಲ್ಲಿ ಗ್ರಾಕುಲಾ, ಅಂದರೆ ಮೈನಾಗಳ ಕುಲಕ್ಕೆ ಸೇರಿಸಿದ್ದ. ಮೊಲೊಕಾಯಿಯ ಬಿಷಪಿ, ಕೌಆಯಿಯ ಬ್ರಾಕೇಟಸ್‌ಗಳಿಗೂ ಆವರಣ ಬೇಕು. ನಿಮ್ಮ ಕೈಪಿಡಿ ಅದನ್ನು ಕೈಬಿಟ್ಟಿರಬೇಕು.

ಪ್ರಶ್ನೆ:
ನಿಜ, ಕೈಪಿಡಿಯಲ್ಲಿ ಒಂದೂ ಆವರಣವಿಲ್ಲ. ತುಂಬಿದ ಮೇಲೆ ನಾಲ್ಕೂ ಸಾಲು ಕೂಡಿಬಂದವು. ‘ಸ್ಥಿತಿ’ ಎಂಬ ಕಂಬಸಾಲಿನಲ್ಲಿ ಬ್ರಾಕೇಟಸ್ ಎದುರು ಕೈಪಿಡಿ ‘ವಿರಳ’ ಎನ್ನುತ್ತದೆ, ಹಾಗೇ ಇಡಲೇ?

ಉತ್ತರ:
ಬೇಡ, ‘ಅಳಿದಿದೆ’ ಎಂದು ಬರೆಯಿರಿ. ಅದರ ದನಿ ಕೊನೆಯದಾಗಿ ಕೇಳಿಸಿದ್ದು 1987ರಲ್ಲಿ. ಉಳಿದ ಮೂರರ ಎದುರೂ ಅದೇ ಪದ ಬರುತ್ತದೆ.