ಜೋಗಪ್ಪಂದಿರ ಬಗ್ಗೆ ಹಳೇ ಕಡತ ಒಂದೂ ಸಿಗ್ತಿಲ್ಲ, ಯಾರಾದರೂ ದಾರಿ ಹೇಳಿ

ಧೂಳುಪುಸ್ತಕ: ತಲೆ ಕೆಟ್ಟು ಹೋಗಿದೆ. ಯಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬಾಳುವ ಜೋಗಪ್ಪಂದಿರ ಮೇಲೆ ಪಿಎಚ್‌ಡಿ ಅಧ್ಯಾಯ ಬರೆಯುತ್ತಿದ್ದೇನೆ. ಬ್ರಿಟಿಷರ ಕಾಲದ ಒಂದು ಕಾಗದವೂ ಸಿಗುತ್ತಿಲ್ಲ. ಬೆಂಗಳೂರಿನ ಪತ್ರಾಗಾರದ ದಫ್ತರದಲ್ಲಿ ಕೇಳಿದರೆ "ಅಂಥದ್ದೇನೂ ಇಲ್ಲಮ್ಮ" ಅಂತ ಕಳಿಸಿಬಿಟ್ಟರು. ಆನ್‌ಲೈನಿನಲ್ಲಿ ಜೋಗಪ್ಪ, ಟ್ರಾನ್ಸ್‌ಜೆಂಡರ್, ಲಿಂಗತ್ವ ಎಲ್ಲಾ ಹಾಕಿ ನೋಡಿದೆ. ಸೊನ್ನೆ. ಗೈಡ್ ದಿನಾ ಕೇಳುತ್ತಿದ್ದಾರೆ.

ಅಕ್ಷರಬ್ರಹ್ಮ: ಇದು ಪಕ್ಕಾ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಯಂತ್ರ ಓದೋದು) ಸಮಸ್ಯೆ. ಹಳೇ ಅಚ್ಚಿನ ಒತ್ತಕ್ಷರ ಯಂತ್ರಕ್ಕೆ ಅರ್ಥವಾಗಲ್ಲ. ಪಿಡಿಎಫ್ ಇಳಿಸಿಕೊಂಡು ಓಸಿಆರ್ ತಂತ್ರಾಂಶ ಟೆಸರಾಕ್ಟ್‌ನಲ್ಲಿ ಮತ್ತೆ ಓಡಿಸಿ.

ಕಡತಹುಳು: ಮೊದಲು ಯಾವ ಊರು ಹೇಳಿ.

ಧೂಳುಪುಸ್ತಕ: ಯಲ್ಲಮ್ಮ ಅಂದ ಮೇಲೆ ಸವದತ್ತಿ ಅಲ್ವಾ ಸರ್, ಇನ್ಯಾವ ಊರು? ಓಸಿಆರ್ ಮಾಡೋಕೆ ನನ್ನ ಹತ್ತಿರ ಪಿಡಿಎಫ್ ಇದ್ದರೆ ತಾನೇ!

ಅಕ್ಷರಬ್ರಹ್ಮ: ಹಾಗಾದರೆ ಹಳೇ ಪ್ರಬಂಧಗಳನ್ನು ನೋಡಿ. ಅವೆಲ್ಲ ಹಳೇ ನುಡಿ ಫಾಂಟಿನಲ್ಲಿವೆ, ಈಗ ಎಲ್ಲೆಡೆ ಹುಡುಕಲು ಸಿಗುವ ಯೂನಿಕೋಡ್ ಅಲ್ಲ. ಕನ್ನಡದಲ್ಲಿ ಹುಡುಕಿದರೆ ಹೇಗೆ ಸಿಗುತ್ತೆ? ಪರಿವರ್ತಕ ಹಾಕಿ.

ಗಂಡುಮೆಟ್ಟು: ಎಲ್ಲದಕ್ಕೂ ನುಡಿ ಮೇಲೆ ಗೂಬೆ ಕೂರಿಸಬೇಡಿ ಮಾರಾಯ್ರೇ. ಇಪ್ಪತ್ತು ವರ್ಷ ಅದರಲ್ಲೇ ಟೈಪ್ ಮಾಡಿ ಅನ್ನ ತಿಂದವರಿದ್ದೇವೆ.

ಅಕ್ಷರಬ್ರಹ್ಮ: ಅನ್ನದ ಮಾತಲ್ಲ, ಎನ್‌ಕೋಡಿಂಗ್ ಮಾತು.

ತೆಂಕಣಗಾಳಿ: 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ನೋಡಿದಿರಾ? ಅದರ ಎರಡನೇ ಭಾಗದಲ್ಲಿ ಹಿಜಡಾಗಳ ಹೆಸರು, ಆಸ್ತಿ ಎಲ್ಲಾ ರಿಜಿಸ್ಟರ್ ಮಾಡಿಸುತ್ತಿದ್ದರು. ಬಂಗಾರದ ಗಣಿ ಅದು.

ಕಡತಹುಳು: ಆ ಕಾಯ್ದೆ ಮೊದಲು ಜಾರಿಯಾಗಿದ್ದು ವಾಯವ್ಯ ಪ್ರಾಂತ್ಯ, ಅವಧ್ (ಎರಡೂ ಈಗಿನ ಉತ್ತರ ಪ್ರದೇಶದ ಕಡೆ), ಪಂಜಾಬಿನಲ್ಲಿ. ಸವದತ್ತಿಗೆ ಆ ರಿಜಿಸ್ಟರ್ ಹುಡುಕಿ ಪ್ರಯೋಜನವಿಲ್ಲ. ಧೂಳುಪುಸ್ತಕ ಅವರೇ, ನಿಮ್ಮ ತೊಂದರೆ ಓಸಿಆರೂ ಅಲ್ಲ, ಫಾಂಟೂ ಅಲ್ಲ. ಸವದತ್ತಿ ಇರುವ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದ ಕಡೆಗಿತ್ತು. ಬೆಂಗಳೂರಿನಲ್ಲಿರೋದು ಹೆಚ್ಚಾಗಿ ಮೈಸೂರು ಸಂಸ್ಥಾನದ ಕಾಗದ. ನಿಮಗೆ ಬೇಕಿರೋದು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ಬಳ್ಳಾರಿ ಕಡೆಯದಾಗಿದ್ದರೆ ಚೆನ್ನೈ, ಕಲಬುರಗಿಯದಾಗಿದ್ದರೆ ಹೈದರಾಬಾದ್ ಅನ್ನುತ್ತಿದ್ದೆ.

ಇನ್ನೊಂದು. ಅಲ್ಲಿನ ಸೂಚಿಯಲ್ಲಿ ಸವದತ್ತಿ ಅಂತ ಮಾತ್ರ ಹುಡುಕಬೇಡಿ, ಆಗಿನ ತಾಲ್ಲೂಕಿನ ಹೆಸರು ಪರಸಗಡ. ಜುಡಿಷಿಯಲ್ ಡಿಪಾರ್ಟ್‌ಮೆಂಟ್ ಒಂದೇ ಅಲ್ಲ, ರೆವಿನ್ಯೂ ತೆಗೆಸಿ. ದೇವಸ್ಥಾನಕ್ಕೆ ಬಿಟ್ಟ ಇನಾಮು ಜಮೀನಿನ ತಕರಾರು ಬಂದಾಗಲೇ ಇಂಥವರ ಹೆಸರು ಕಾಗದಕ್ಕೆ ಏರೋದು. ಹಳೆಯವು ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿರುತ್ತವೆ, ಓದುವವರನ್ನು ಹುಡುಕಿಕೊಳ್ಳಿ. ಮನೆಯಲ್ಲೇ ಕೂತು ಶುರು ಮಾಡೋದಾದರೆ 1884ರ ಬೆಳಗಾಂ ಗ್ಯಾಜೆಟಿಯರ್ (ಸರ್ಕಾರದ ಜಿಲ್ಲಾ ವಿವರ ಪುಸ್ತಕ) ಓದಿ. ಅಧಿಕಾರಿಯ ಕಣ್ಣಲ್ಲಿ ಬರೆದದ್ದು, ಹಾಗಾಗಿ ಹುಷಾರು.

ಧೂಳುಪುಸ್ತಕ: ಮುಂಬಯಿಗೆ ಹೋಗೋಕೆ ಗೈಡ್ ಪತ್ರ ಬೇಕಾ? 1934ರ ಮುಂಬಯಿ ದೇವದಾಸಿ ಕಾಯ್ದೆ ಕಡತವೂ ಅಲ್ಲೇನಾ?

ಕಡತಹುಳು: ಪತ್ರ, ಗುರುತಿನ ಚೀಟಿ ಎರಡೂ ಇರಲಿ. ಕಾಯ್ದೆಯ ಚರ್ಚೆಗೆ ಮುಂಬಯಿ ಶಾಸನಸಭೆಯ ನಡಾವಳಿ ಓದಿ. ಆದರೆ ಅದರಲ್ಲಿ ಮಾತೆಲ್ಲ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಬಗ್ಗೆ. ಜೋಗಪ್ಪಂದಿರು ಕಡತದ ಅಂಚಿನಲ್ಲೇ ಉಳಿಯುತ್ತಾರೆ.

ತೆಂಕಣಗಾಳಿ: ಈಚಿನ ಕಾಲಕ್ಕೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಮ್ರಾ (QAMRA) ಅಂತ ಲಿಂಗತ್ವ, ಲೈಂಗಿಕ ಅಲ್ಪಸಂಖ್ಯಾತರ ದಾಖಲೆ ಸಂಗ್ರಹ ಇದೆ. ಮಾನವ ಹಕ್ಕು ಸಂಘಟನೆ ಪಿಯುಸಿಎಲ್‌ನ 2001, 2003ರ ವರದಿಗಳೂ ಉಪಯೋಗಕ್ಕೆ ಬರುತ್ತವೆ. ಜೀವಂತ ಇರುವವರ ಮಾತು ಬಳಸುವಾಗ ಮಾತ್ರ ಅವರನ್ನೇ ಕೇಳಿ.

ಅಕ್ಷರಬ್ರಹ್ಮ: ಫೋಟೊ ತೆಗೆಯೋಕೆ ಬಿಟ್ಟರೆ ಮೊಬೈಲಲ್ಲಿ ತೆಗೆಯಬೇಡಿ. ನನ್ನದು ಓವರ್‌ಹೆಡ್ ಸ್ಕ್ಯಾನರ್, ಎರಡು ದೀಪ, ಕಪ್ಪು ಬಟ್ಟೆ. ಒಂದು ಪುಟಕ್ಕೆ ಎರಡೇ ಸೆಕೆಂಡ್.

ಗಂಡುಮೆಟ್ಟು: ಯಾವ ಮಾಡೆಲ್? ಎಷ್ಟಾಯ್ತು?